ಗಾಯದ ಬ್ಯಾಂಡೇಜ್ ಬಿಲ್ಲಿಂಗ್ ಕೋರ್ಸ್: ಸ್ಕೇಲ್ ಹಿಡಿದು ಕಲಿಸಿದ ಆರು ವಾರ

ಮೊದಲು ನಾನು ಈ ಕೋರ್ಸಿಗೆ ಯಾಕೆ ಸೇರಿದೆ ಅಂತ ಹೇಳಿಬಿಡುತ್ತೇನೆ. ಆಗ ನನ್ನ ಅಭಿಪ್ರಾಯಕ್ಕೆ ಎಷ್ಟು ಬೆಲೆ ಕೊಡಬೇಕು ಅಂತ ನೀವೇ ನಿರ್ಧರಿಸಬಹುದು.

ನಾನು ರಾತ್ರಿ ಪಾಳಿಯಲ್ಲಿ ಅಮೆರಿಕದ ಕ್ಲೇಮ್‌ಗಳ, ಅಂದರೆ ಆರೋಗ್ಯ ವಿಮೆಗೆ ಕಳಿಸುವ ಬಿಲ್‌ಗಳ, ಮೇಲೆ ಕೆಲಸ ಮಾಡುತ್ತೇನೆ. ರೋಗಿಗಳ ಮನೆಗೆ ಸಾಮಾನು ಕಳಿಸುವ ಸಪ್ಲೈಯರ್‌ಗಳ ಬಿಲ್ಲಿಂಗ್. ಮೂರು ವರ್ಷ ವಾಕರ್, ವೀಲ್‌ಚೇರ್, ಆಕ್ಸಿಜನ್ ಇವೇ ಇದ್ದವು. ಆಮೇಲೆ ನಮ್ಮ ಟೀಮಿಗೆ ಗಾಯದ ಡ್ರೆಸ್ಸಿಂಗ್ ಮತ್ತು ಬ್ಯಾಂಡೇಜ್ ಮಾತ್ರ ಕಳಿಸುವ ಒಂದು ಅಕೌಂಟ್ ಬಂತು. ಬ್ಯಾಂಡೇಜ್ ತಾನೇ, ಏನಿದೆ ಅದರಲ್ಲಿ ಅಂದುಕೊಂಡೆ. ವೀಲ್‌ಚೇರ್‌ಗಿಂತ ಇದೇ ಕಷ್ಟ ಅಂತ ಗೊತ್ತಾಗೋಕೆ ಒಂದು ತಿಂಗಳು ಸಾಕಾಯಿತು.

ಆ ಒಂದು ತಿಂಗಳಲ್ಲಿ ಎರಡು ತಪ್ಪು ಮಾಡಿದೆ. ಒಬ್ಬ ರೋಗಿಗೆ 4 ಇಂಚು ಅಗಲದ, ಬಟ್ಟೆಯಂಥ ಕನ್‌ಫಾರ್ಮಿಂಗ್ ಬ್ಯಾಂಡೇಜ್ 8 ರೋಲ್ ಹೋಗಿತ್ತು, ಸ್ಟೆರೈಲ್ ಅಲ್ಲದ್ದು. ಬಿಲ್ಲಿನಲ್ಲಿ ಪ್ರತಿ ಸಾಮಾನಿಗೂ ಒಂದು ಕೋಡ್ ಹಾಕಬೇಕು. ಇದರ ಕೋಡ್ ಎ6443, ಅದನ್ನು ಸರಿಯಾಗೇ ಹಾಕಿದೆ. ಯೂನಿಟ್ ಜಾಗದಲ್ಲಿ 8 ಅಂತ ಬರೆದೆ. ಆದರೆ ಆ ಕೋಡಿನ ಅಳತೆ ರೋಲ್ ಅಲ್ಲ, ಗಜ. ಒಂದು ರೋಲ್‌ನಲ್ಲಿ 5 ಗಜ ಇತ್ತು. 40 ಬರೆಯಬೇಕಿತ್ತು. ಸಪ್ಲೈಯರ್‌ಗೆ ಬರಬೇಕಾದ ದುಡ್ಡಿನಲ್ಲಿ ಐದನೇ ಒಂದು ಪಾಲು ಬಂತು.

ಇನ್ನೊಂದು ತಪ್ಪು ಇದಕ್ಕೆ ಉಲ್ಟಾ. ಸುತ್ತಲೂ ಅಂಟು ಇರುವ ಫೋಮ್ ಡ್ರೆಸ್ಸಿಂಗ್, ಪ್ಯಾಕೆಟ್ ಮೇಲೆ 6 ಇಂಚು ಇಂಟು 6 ಇಂಚು ಅಂತ ಇತ್ತು. 36 ಚದರ ಇಂಚು ಅಂತ ಲೆಕ್ಕ ಹಾಕಿ ಎ6213 ಹಾಕಿದೆ. ಅಂಟಿನ ಅಂಚು ಬಿಟ್ಟು ಒಳಗಿನ ಪ್ಯಾಡ್ ಮಾತ್ರ ಅಳೆಯಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಒಳಗಿನ ಪ್ಯಾಡ್ 4 ಇಂಟು 4, ಅಂದರೆ ಸರಿಯಾಗಿ 16 ಚದರ ಇಂಚು. 16 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಎ6212. ಅಂದರೆ ನಾವು ಮೆಡಿಕೇರ್‌ನಿಂದ, ಅಮೆರಿಕದಲ್ಲಿ ಮುಖ್ಯವಾಗಿ ವಯಸ್ಸಾದವರಿಗಿರುವ ಸರ್ಕಾರಿ ವಿಮೆಯಿಂದ, ಜಾಸ್ತಿ ದುಡ್ಡು ತಗೊಂಡಿದ್ದೆವು. ಜಾಸ್ತಿ ಬಂದಿದೆ ಅಂತ ಗೊತ್ತಾದ ಮೇಲೆ 60 ದಿನದೊಳಗೆ ತಿಳಿಸಿ ವಾಪಸ್ ಕೊಡಬೇಕು, ಇದು ಕಾನೂನು. ಆ ಕ್ಲೇಮ್‌ಗಳನ್ನೆಲ್ಲ ಒಂದೊಂದಾಗಿ ಹುಡುಕಿ ತೆಗೆದ ವಾರ ನನಗೆ ಚೆನ್ನಾಗಿ ನೆನಪಿದೆ.

ಅದಾದ ಮೇಲೆ ಈ ಕೋರ್ಸಿಗೆ ಸೇರಿದೆ. ಸಂಸ್ಥೆಯ ಹೆಸರು ಬರೆಯುತ್ತಿಲ್ಲ, ಕೆಲವು ದೂರುಗಳೂ ಇವೆ ಅದಕ್ಕೆ. ಆರು ವಾರ, ಪ್ರತಿ ಶನಿವಾರ ಎರಡು ಗಂಟೆ ಲೈವ್ ಕ್ಲಾಸ್, ಅದರ ಜೊತೆಗೆ ಮೊದಲೇ ರೆಕಾರ್ಡ್ ಮಾಡಿಟ್ಟ ವಿಡಿಯೋಗಳು, ವಾರಕ್ಕೊಂದು ಹೋಮ್‌ವರ್ಕ್. ಬರೀ ಗಾಯದ ಡ್ರೆಸ್ಸಿಂಗ್, ಬ್ಯಾಂಡೇಜ್, ಟೇಪ್ ಇಷ್ಟೇ ವಿಷಯ. ಬೇರೆ ಏನೂ ಇಲ್ಲ. ನನಗೆ ಬೇಕಾಗಿದ್ದೂ ಅದೇ.

ಮೊದಲ ಕ್ಲಾಸಿನಲ್ಲಿ ಒಂದು ಕೋಡ್ ಕೂಡ ಹೇಳಲಿಲ್ಲ. ಕಲಿಸುವ ಮೇಡಂ ಟೇಬಲ್ ಮೇಲೆ ಒಂದು ರಟ್ಟಿನ ಡಬ್ಬಿ ಸುರಿದರು. ಗಾಜ್, ಫೋಮ್, ಆಲ್ಜಿನೇಟ್, ಪಾರದರ್ಶಕ ಫಿಲ್ಮ್, ನಾಲ್ಕೈದು ಥರದ ಬ್ಯಾಂಡೇಜ್ ರೋಲ್. ಅಂಟಿನ ಅಂಚಿರುವ ಒಂದು ಫೋಮ್ ತೆಗೆದು, ಹಿಂದಿನ ಕಾಗದ ಬಿಡಿಸಿ, ಕ್ಯಾಮೆರಾ ಹತ್ತಿರ ಹಿಡಿದು, ಒಳಗಿನ ಬಿಳಿ ಪ್ಯಾಡ್ ಮೇಲೆ ಸ್ಕೇಲ್ ಇಟ್ಟರು. ಸ್ಕೇಲಿನ ಸೊನ್ನೆ ಅಂಚಿನ ಮೇಲೆ ಅಲ್ಲ, ಪ್ಯಾಡ್ ಶುರುವಾಗುವ ಕಡೆ. "ಕೋಡ್ ಇರೋದು ಇಲ್ಲಿ" ಅಂದರು, ಅಷ್ಟೇ. ನಾನು ಒಂದು ವಾರ ಒದ್ದಾಡಿದ್ದು ಅರ್ಧ ನಿಮಿಷದಲ್ಲಿ ಮುಗಿಯಿತು.

ಆಮೇಲೆ ಒಂದು ಬ್ಯಾಂಡೇಜ್ ರೋಲ್ ಪೂರ್ತಿ ಬಿಚ್ಚಿ ಟೇಬಲ್ ಉದ್ದಕ್ಕೆ ಹಾಸಿ ಟೇಪಿನಿಂದ ಅಳೆದರು. ಲೇಬಲ್‌ನಲ್ಲಿ ಉದ್ದ ಎಲ್ಲಿ ಬರೆದಿರುತ್ತಾರೆ, ಅಗಲ ಎಲ್ಲಿ, ಗಜದಲ್ಲಿದೆಯೋ ಮೀಟರಿನಲ್ಲಿದೆಯೋ ಅಂತ ತೋರಿಸಿದರು. ಬ್ಯಾಂಡೇಜ್ ಕೋಡ್‌ಗಳಲ್ಲಿ ಎ6441ರಿಂದ ಎ6456ರವರೆಗೆ ಎಲ್ಲವೂ ಗಜದ ಲೆಕ್ಕ. ಅಗಲದಲ್ಲಿ ಮೂರು ಗುಂಪು: 3 ಇಂಚಿಗಿಂತ ಕಡಿಮೆ, 3ರಿಂದ 5ರೊಳಗೆ, 5 ಮತ್ತು ಅದಕ್ಕಿಂತ ಜಾಸ್ತಿ. ತನಗೆ ತಾನೇ ಅಂಟಿಕೊಳ್ಳುವ ಬ್ಯಾಂಡೇಜ್ ಆದರೆ ಈ ಮೂರು ಗುಂಪಿಗೆ ಎ6453, ಎ6454, ಎ6455. ಪುಸ್ತಕದಲ್ಲಿ ಇದನ್ನು ಹತ್ತು ಸಲ ಓದಿದ್ದೆ. ರೋಲ್ ಬಿಚ್ಚಿದ್ದು ನೋಡಿದ ಮೇಲೆ ಮರೆಯಲಿಲ್ಲ.

ಮೂರನೇ ವಾರ ಈ ಕೋರ್ಸಿನ ಜೀವಾಳ ಅನ್ನಬಹುದು. ಆ ವಾರ ಪೂರ್ತಿ ಒಂದೇ ಪ್ರಶ್ನೆ: ಈ ಬ್ಯಾಂಡೇಜ್‌ಗೆ ದುಡ್ಡು ಬರುತ್ತಾ, ಇಲ್ವಾ? ನಮ್ಮಲ್ಲಿ ಹೆಚ್ಚಿನವರು ಕೋಡ್ ಸಿಕ್ಕಿದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಕೋಡ್ ಇದೆ ಅಂದ ಮಾತ್ರಕ್ಕೆ ಕವರೇಜ್ ಇದೆ ಅಂತಲ್ಲ. ಕಾಲು ಉಳುಕಿದೆ, ಕಾಲು ಊದಿಕೊಂಡಿದೆ, ಅದಕ್ಕೆ ಎಲಾಸ್ಟಿಕ್ ಬ್ಯಾಂಡೇಜ್ ಕಟ್ಟಿದ್ದಾರೆ. ಕೋಡ್ ಅದೇ, ರೋಲ್ ಅದೇ, ಆದರೆ ಕೆಳಗೆ ಗಾಯ ಇಲ್ಲ. ಮೆಡಿಕೇರ್‌ನ ಸರ್ಜಿಕಲ್ ಡ್ರೆಸ್ಸಿಂಗ್ ಬೆನಿಫಿಟ್‌ನಲ್ಲಿ ಅದಕ್ಕೆ ಒಂದು ಡಾಲರೂ ಇಲ್ಲ. ಅದೇ ಬ್ಯಾಂಡೇಜ್ ಗಾಯದ ಮೇಲಿನ ಡ್ರೆಸ್ಸಿಂಗನ್ನು ಹಿಡಿದಿಟ್ಟುಕೊಳ್ಳೋಕೆ ಕಟ್ಟಿದ್ದರೆ ಮಾತು ಬೇರೆ.

ಆ ಗಾಯಕ್ಕೂ ಒಂದು ಷರತ್ತಿದೆ. ಆಪರೇಷನ್ನಿಂದ ಆಗಿರಬೇಕು, ಅಥವಾ ಆಪರೇಷನ್ ಮಾಡಿ ಚಿಕಿತ್ಸೆ ಕೊಟ್ಟಿರಬೇಕು, ಇಲ್ಲದಿದ್ದರೆ ಡಿಬ್ರೈಡ್‌ಮೆಂಟ್, ಅಂದರೆ ಸತ್ತ ಚರ್ಮ, ಮಾಂಸ ತೆಗೆದು ಶುಚಿ ಮಾಡಿರಬೇಕು. ಚರ್ಮ ತರಚಿದ್ದಕ್ಕೆ, ರಕ್ತ ತೆಗೆದ ಸೂಜಿ ಜಾಗಕ್ಕೆ, ಮೊದಲ ಹಂತದ ಸುಟ್ಟ ಗಾಯಕ್ಕೆ ಇಲ್ಲ. ಒತ್ತಡದ ಹುಣ್ಣು ಸ್ಟೇಜ್ 1 ಇದ್ದರೆ ಅದಕ್ಕೂ ಇಲ್ಲ. ಇಲ್ಲಿ ಮೇಡಂ ತೋರಿಸಿದ ಉದಾಹರಣೆ ಇಷ್ಟವಾಯಿತು: ರೋಗಕ್ಕೂ ಕೋಡ್ ಇರುತ್ತೆ, ಎಲ್89.151 ಅಂದರೆ ಸೊಂಟದ ಕೆಳಗಿನ ಸೇಕ್ರಲ್ ಭಾಗದ ಒತ್ತಡದ ಹುಣ್ಣು, ಸ್ಟೇಜ್ 1. ಎಲ್89.152 ಅಂದರೆ ಸ್ಟೇಜ್ 2. ಕೊನೆಯ ಅಂಕಿ ಒಂದು ತಪ್ಪು ಒತ್ತಿದರೆ ಡ್ರೆಸ್ಸಿಂಗ್ ಬೇಕಾದ ರೋಗಿಯನ್ನು ನಾವೇ ಬೆನಿಫಿಟ್‌ನಿಂದ ಹೊರಗೆ ಹಾಕಿದ ಹಾಗೆ. ಆ ಮಾತು ನನಗೆ ತಟ್ಟಿತು. ನಾವು ನೋಡುವುದು ಸ್ಕ್ರೀನ್ ಮೇಲಿನ ಅಂಕಿ. ಆ ಕಡೆ ಒಂದು ಮನೆಯಲ್ಲಿ ಯಾರೋ ವಯಸ್ಸಾದವರು ಮಲಗಿದ ಮಗ್ಗುಲಲ್ಲೇ ಇದ್ದಾರೆ, ಅವರ ಡ್ರೆಸ್ಸಿಂಗ್ ಡಬ್ಬಿ ಖಾಲಿಯಾಗುತ್ತಿದೆ.

ಅದೇ ವಾರ ನಾಲ್ಕು ಪದರದ ಕಂಪ್ರೆಷನ್ ಪೆಟ್ಟಿಗೆ ತೆರೆದರು. ಕಾಲಿನ ಸಿರೆಗಳಲ್ಲಿ ರಕ್ತ ಸರಿಯಾಗಿ ಮೇಲಕ್ಕೆ ಹೋಗದೆ ಆಗುವ ಹುಣ್ಣಿಗೆ, ವೀನಸ್ ಅಲ್ಸರ್ ಅಂತೇವಲ್ಲ, ಅದಕ್ಕೆ ಒಂದರ ಮೇಲೊಂದು ಸುತ್ತುವುದು ಇದು. ಒಂದು ಪೆಟ್ಟಿಗೆ, ಒಂದು ಬಾರ್‌ಕೋಡ್, ಹಾಗಾಗಿ ಒಂದು ಕೋಡ್ ಇರಬೇಕು ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಒಳಗಿನ ಪ್ರತಿ ರೋಲಿಗೂ ಅದರದ್ದೇ ಕೋಡ್. ಮೇಡಂ ಒಂದೊಂದಾಗಿ ತೆಗೆದು ಸಾಲಾಗಿ ಇಟ್ಟರು. ಮೊದಲನೆಯದು ಹತ್ತಿಯ ಹಾಗೆ ಮೆತ್ತಗಿನ ಪ್ಯಾಡಿಂಗ್, ಅದು ಎ6441. ಕೊನೆಯದು ತನಗೆ ತಾನೇ ಅಂಟುವಂಥದ್ದು, ಎ6454. ನಡುವಿನವು ಯಾವುವು ಅಂತ ಕೈಯಲ್ಲಿ ಹಿಡಿದು ಹೇಳೋಕೆ ಆಗಲ್ಲ. ಯಾಕೆಂದರೆ ಎ6451 ಮತ್ತು ಎ6452 ನಡುವಿನ ವ್ಯತ್ಯಾಸ, ಬ್ಯಾಂಡೇಜನ್ನು ಪೂರ್ತಿ ಎಳೆದಷ್ಟರ ಅರ್ಧಕ್ಕೆ ಎಳೆದಾಗ ಅದು ಎಷ್ಟು ಬಿಗಿ ಕೊಡುತ್ತೆ ಅನ್ನುವುದರ ಮೇಲಿದೆ. 1.25ರಿಂದ 1.34 ಫುಟ್-ಪೌಂಡ್ ಇದ್ದರೆ ಮಧ್ಯಮ, 1.35 ಅಥವಾ ಜಾಸ್ತಿ ಇದ್ದರೆ ಹೆಚ್ಚು ಬಿಗಿ. ಯಾವ ಕೋಡರ್ ಕಣ್ಣಿಗೆ ಕಾಣುತ್ತೆ ಇದು?

ಅದಕ್ಕೇ ಡಿಎಂಇಸಿಎಸ್ ಬಳಸೋದು ಕಲಿಸಿದರು. ಮೆಡಿಕೇರ್‌ಗಾಗಿ ಕೋಡಿಂಗ್ ನೋಡಿಕೊಳ್ಳುವ ಪಿಡಿಎಸಿ ನಡೆಸುವ ಹುಡುಕಾಟದ ಪುಟ, ದುಡ್ಡು ಕೊಡಬೇಕಿಲ್ಲ. ಅಲ್ಲಿ ಪ್ರಾಡಕ್ಟ್ ಹೆಸರನ್ನೋ ತಯಾರಿಸಿದ ಕಂಪನಿಯನ್ನೋ ಹಾಕಿದರೆ, ಆ ಪಟ್ಟಿಯಲ್ಲಿದ್ದರೆ ಯಾವ ಕೋಡ್ ಅಂತ ಬರುತ್ತೆ. ಇದರ ಬಗ್ಗೆ ನನಗೆ ಮೊದಲು ಗೊತ್ತೇ ಇರಲಿಲ್ಲ, ಮೂರು ವರ್ಷ ಈ ಕೆಲಸ ಮಾಡಿಯೂ. ಈಗ ಹೊಸ ಐಟಂ ಬಂದರೆ ಸಪ್ಲೈಯರ್‌ನ ಪಟ್ಟಿಯಲ್ಲಿರುವ ಕೋಡನ್ನು ಸುಮ್ನೆ ನಂಬಲ್ಲ, ಮೊದಲು ಅಲ್ಲಿ ನೋಡುತ್ತೇನೆ.

ಒಂದು ವಿಷಯ ಇಲ್ಲೇ ಹೇಳಬೇಕು. ಆ ನಾಲ್ಕು ಪದರದ ಪಟ್ಟಿಯನ್ನು ಕ್ಲಿನಿಕ್‌ನಲ್ಲೇ ಕಟ್ಟಿದರೆ ಆ ಸೇವೆಯ ಕೋಡ್ 29581, ಸತುವಿನ ಪೇಸ್ಟ್ ಇರುವ ಪಟ್ಟಿ, ಅಂದರೆ ಉನ್ನಾ ಬೂಟ್, ಆದರೆ 29580. ಆಗ ಬ್ಯಾಂಡೇಜಿಗೆ ಬೇರೆ ಬಿಲ್ ಹಾಕುವ ಹಾಗಿಲ್ಲ, ಆ ಸೇವೆಯಲ್ಲೇ ಸೇರಿಹೋಗುತ್ತೆ. ಇದನ್ನು ಕೋರ್ಸ್‌ನಲ್ಲಿ ಎರಡೇ ಮಾತಲ್ಲಿ ಮುಗಿಸಿದರು. ಸಪ್ಲೈಯರ್ ಕಡೆ ಇರುವವರಿಗೆ ಅಷ್ಟು ಸಾಕು. ಕ್ಲಿನಿಕ್ ಬಿಲ್ಲಿಂಗ್ ಮಾಡುವವರಿಗೆ ಸಾಲದು.

ನಾಲ್ಕನೇ ವಾರ ಮಾಡಿಫೈಯರ್, ಅಂದರೆ ಕೋಡಿನ ಜೊತೆ ಸೇರಿಸುವ ಎರಡಕ್ಷರದ ಗುರುತು. ಎ1ರಿಂದ ಎ9. ಆ ಡ್ರೆಸ್ಸಿಂಗ್ ಎಷ್ಟು ಗಾಯಕ್ಕೆ ಹಾಕಿದ್ದಾರೆ ಅನ್ನೋದು ಅದು. ರೋಗಿಗೆ ಒಟ್ಟು ಎಷ್ಟು ಗಾಯ ಇದೆ ಅನ್ನೋದಲ್ಲ. ಇಲ್ಲಿ ಕ್ಲಾಸಿನ ಅರ್ಧ ಜನ ಎಡವಿದರು. ಹೋಮ್‌ವರ್ಕ್‌ನಲ್ಲಿ ಒಂದು ಚಾರ್ಟ್ ಇತ್ತು: ನಾಲ್ಕು ಗಾಯ, ಅದರಲ್ಲಿ ಎರಡಕ್ಕೆ ಫೋಮ್, ಒಂದಕ್ಕೆ ಆಲ್ಜಿನೇಟ್ ಮೇಲೆ ಗಾಜ್, ಇನ್ನೊಂದು ವಾಸಿಯಾಗುತ್ತಾ ಬಂದಿದೆ, ಏನೂ ಹಾಕಿಲ್ಲ. ಫೋಮ್‌ಗೆ ಎ2, ಆಲ್ಜಿನೇಟ್‌ಗೆ ಎ1, ಗಾಜ್‌ಗೆ ಎ1. ನಾನು ಎಲ್ಲಕ್ಕೂ ಎ4 ಹಾಕಿದ್ದೆ. ಟೇಪ್‌ಗೆ, ಅಂದರೆ ಎ4450 ಮತ್ತು ಎ4452ಗೆ, ಇದರ ಜೊತೆಗೆ ಎಡಬ್ಲ್ಯು ಅನ್ನುವ ಮಾಡಿಫೈಯರ್ ಕೂಡ ಹಾಕಬೇಕು. ಟೇಪಿನ ಯೂನಿಟ್ 18 ಚದರ ಇಂಚು, ರೋಲ್ ಅಲ್ಲ. ಮತ್ತೆ ಅದೇ ಕಥೆ. ಅಂಟಿನ ಅಂಚಿರುವ ಡ್ರೆಸ್ಸಿಂಗ್ ಜೊತೆ ಟೇಪ್ ಬಿಲ್ ಮಾಡಿದರೆ ಯಾಕೆ ಬೇಕಾಯಿತು ಅಂತ ಕೇಳುತ್ತಾರೆ, ನ್ಯಾಯವಾಗೇ ಕೇಳುತ್ತಾರೆ.

ಎಷ್ಟು ಕಳಿಸಬಹುದು ಅನ್ನುವ ಭಾಗವೂ ಚೆನ್ನಾಗಿತ್ತು. ಫೋಮ್ ಕವರ್ ವಾರಕ್ಕೆ 3 ಸಲ, ಆಲ್ಜಿನೇಟ್ ದಿನಕ್ಕೆ ಒಂದು, ಕಾಂಟ್ಯಾಕ್ಟ್ ಲೇಯರ್ (ಗಾಯಕ್ಕೆ ನೇರ ತಾಗಿರುವ ತೆಳು ಪದರ) ವಾರಕ್ಕೆ ಒಂದು, ಹೀಗೆ ಎಲ್ 33831 ಅನ್ನುವ ಪಾಲಿಸಿಯಲ್ಲಿ ಇದೆ. ಕಂಪ್ರೆಷನ್ ಬ್ಯಾಂಡೇಜ್ ಒಗೆದು ಮತ್ತೆ ಕಟ್ಟುವಂಥದ್ದು. ಹಾಗಾಗಿ ಪದರಗಳ ಸೆಟ್ಟಿನ ಭಾಗ ಅಲ್ಲದಿದ್ದರೆ ವಾರಕ್ಕೆ ಒಂದಕ್ಕಿಂತ ಜಾಸ್ತಿ ಸಾಮಾನ್ಯವಾಗಿ ಬೇಕಾಗಲ್ಲ. ಆದರೆ ಮೇಡಂ ಬಾಯಿಪಾಠ ಮಾಡಿಸಲಿಲ್ಲ, ಕಾರಣ ಹೇಳಿದರು. ಆಲ್ಜಿನೇಟ್ ಸೋರುವ ಗಾಯದ ನೀರು ಹೀರಿಕೊಳ್ಳೋಕೆ. ಹೈಡ್ರೋಜೆಲ್ ಒಣಗಿದ ಗಾಯಕ್ಕೆ ತೇವ ಕೊಡೋಕೆ. ಒಂದೇ ಗಾಯಕ್ಕೆ ಒಂದೇ ಹೊತ್ತಿನಲ್ಲಿ ಎರಡೂ ಬಿಲ್ ಮಾಡಿದ್ದರೆ ಅದರಲ್ಲೊಂದು ತಪ್ಪಿರಬೇಕು ಅಲ್ವಾ? ಹೀಗೆ ಯೋಚಿಸೋಕೆ ಶುರು ಮಾಡಿದ ಮೇಲೆ ಆರ್ಡರ್ ನೋಡಿದ ಕೂಡಲೇ ಏನೋ ಸರಿ ಇಲ್ಲ ಅಂತ ಹೊಳೆಯುತ್ತೆ. ಪ್ಯಾಡ್ ಅಳತೆಯೂ ಹಾಗೆಯೇ. ಗಾಯಕ್ಕಿಂತ ಸುಮಾರು 2 ಇಂಚು ದೊಡ್ಡದಿರಬೇಕು. 2 ಇಂಟು 2 ಇಂಚಿನ ಗಾಯಕ್ಕೆ 4 ಇಂಟು 4. ಅಷ್ಟು ಸಣ್ಣ ಗಾಯಕ್ಕೆ 8 ಇಂಟು 8 ಹೋಗಿದ್ದರೆ ಆಡಿಟ್‌ನಲ್ಲಿ ಅದೇ ಮೊದಲು ಸಿಗುತ್ತೆ.

ನರ್ಸ್ ನೋಟ್ ಓದೋದು ಹೇಗೆ ಅಂತ ಒಂದು ಇಡೀ ಕ್ಲಾಸ್ ಇಟ್ಟಿದ್ದರು, ಇದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. "ಡ್ರೆಸ್ಸಿಂಗ್ ಬದಲಾಯಿಸಿದೆ, ಗಾಯ ಸುಧಾರಿಸುತ್ತಿದೆ" ಅಂತ ಇರುವ ನೋಟ್ ನಮಗೆ ಯಾವ ಕೆಲಸಕ್ಕೂ ಬರಲ್ಲ. ಗಾಯ ಯಾವ ಥರದ್ದು, ಎಲ್ಲಿದೆ, ಉದ್ದ, ಅಗಲ, ಆಳ ಎಷ್ಟು, ಎಷ್ಟು ಸೋರುತ್ತಿದೆ, ಇವೆಲ್ಲ ತಿಂಗಳಿಗೊಮ್ಮೆಯಾದರೂ ಬರೆದಿರಬೇಕು. ನರ್ಸಿಂಗ್ ಹೋಮ್‌ನಲ್ಲಿದ್ದರೆ, ಅಥವಾ ಗಾಯ ತುಂಬಾ ಸೋರುತ್ತಿದ್ದರೆ, ಇಲ್ಲವೇ ಸೋಂಕಾಗಿದ್ದರೆ ವಾರಕ್ಕೊಮ್ಮೆ. ನೋಟ್‌ನಲ್ಲಿ ಇಲ್ಲದ್ದನ್ನು ಕೋಡರ್ ಊಹಿಸಿ ತುಂಬಬಾರದು, ಕೇಳಬೇಕು. ಕೇಳುವ ಇಮೇಲ್ ಹೇಗೆ ಬರೆಯಬೇಕು, ನರ್ಸಿಗೆ ಸಿಟ್ಟು ಬಾರದ ಹಾಗೆ, ಉತ್ತರವನ್ನು ನಾವೇ ಬಾಯಿಗೆ ತುರುಕದ ಹಾಗೆ, ಅಂತ ಅಭ್ಯಾಸ ಮಾಡಿಸಿದರು. ಕೆಲಸದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ.

ಇನ್ನು ದೂರುಗಳು.

ರೆಕಾರ್ಡ್ ಮಾಡಿದ ವಿಡಿಯೋಗಳು ಹಳೆಯವು. ಮುಂದಿನ ತಿಂಗಳ ಸ್ಟಾಕ್ ಬೇಕಾ ಅಂತ ರೋಗಿಗೆ ಫೋನ್ ಮಾಡೋದು, ಈಗಿನದು ಮುಗಿಯುವ 14 ದಿನದೊಳಗೆ ಅಂತ ವಿಡಿಯೋದಲ್ಲಿ ಹೇಳುತ್ತಾರೆ. ಅದು ಹಳೇ ನಿಯಮ. 2024ರಿಂದ ಅದು 30 ದಿನ. ಕಳಿಸೋದು ಮಾತ್ರ ಮುಗಿಯುವ 10 ದಿನಕ್ಕಿಂತ ಮೊದಲು ಆಗಬಾರದು, ಅದು ಹಾಗೇ ಇದೆ. ಲೈವ್ ಕ್ಲಾಸಿನಲ್ಲಿ ಕೇಳಿದಾಗ ಮೇಡಂ ತಕ್ಷಣ ಸರಿ ಉತ್ತರ ಕೊಟ್ಟರು, ಅವರಿಗೆ ಗೊತ್ತಿತ್ತು. ಆದರೆ ವಿಡಿಯೋ ಮಾತ್ರ ನೋಡಿ ಪರೀಕ್ಷೆ ಬರೆದವರು ತಪ್ಪು ಕಲಿತುಕೊಂಡು ಹೋಗುತ್ತಾರೆ. ಅದೇ ಹಳೇ ವಿಡಿಯೋದಲ್ಲಿ ಲಿಂಫೆಡೀಮಾಗೆ, ಅಂದರೆ ದುಗ್ಧರಸ ನಿಂತು ಕೈಕಾಲು ಊದಿಕೊಳ್ಳುವುದಕ್ಕೆ, ಕಟ್ಟುವ ಪಟ್ಟಿಗಳಿಗೆ ಮೆಡಿಕೇರ್ ಕೊಡಲ್ಲ ಅಂತಿದೆ. 2024ರ ಜನವರಿ 1ರಿಂದ ಅದಕ್ಕೆ ಪ್ರತ್ಯೇಕ ಬೆನಿಫಿಟ್ಟೇ ಬಂದಿದೆ, ಬೇರೆ ಕೋಡ್‌ಗಳೂ ಇವೆ. ಇದು ಸಣ್ಣ ತಪ್ಪಲ್ಲ. ವರ್ಷಗಟ್ಟಲೆ ಕೈಯಿಂದ ದುಡ್ಡು ಹಾಕಿದ ರೋಗಿಗಳಿಗೆ ಈಗ ಸಿಗುವ ಸೌಲಭ್ಯವನ್ನು ನಾವು ಇಲ್ಲ ಅಂದುಬಿಟ್ಟರೆ ಹೇಗೆ?

ಎರಡನೆಯ ದೂರು ಇದಕ್ಕಿಂತ ದೊಡ್ಡದು. ಹೋಮ್ ಹೆಲ್ತ್, ಅಂದರೆ ಏಜೆನ್ಸಿಯ ನರ್ಸ್ ಮನೆಗೇ ಬಂದು ಆರೈಕೆ ಮಾಡೋದು, ಅದರ ಬಗ್ಗೆ ಒಂದು ಮಾತೂ ಇಲ್ಲ. ರೋಗಿ ಹೋಮ್ ಹೆಲ್ತ್ ಏಜೆನ್ಸಿಯ ಆರೈಕೆಯಲ್ಲಿದ್ದರೆ ಡ್ರೆಸ್ಸಿಂಗ್ ಕೊಡೋದು ಆ ಏಜೆನ್ಸಿಯ ಹೊಣೆ, ಅವರಿಗೆ ಬರುವ ದುಡ್ಡಿನಲ್ಲೇ ಅದು ಸೇರಿದೆ. ಸಪ್ಲೈಯರ್ ಬೇರೆ ಬಿಲ್ ಹಾಕಿದರೆ ಡಿನೈ ಆಗುತ್ತೆ, ಅಂದರೆ ತಿರಸ್ಕಾರ. ಕೋಡ್ ಸರಿ, ಗಜ ಸರಿ, ಮಾಡಿಫೈಯರ್ ಸರಿ, ನೋಟ್ ಸರಿ, ಆದರೂ ದುಡ್ಡು ಬರಲ್ಲ. ನಮ್ಮ ಅಕೌಂಟಿನಲ್ಲಿ ಪದೇ ಪದೇ ಬರುತ್ತಿದ್ದ ಡಿನೈಯಲ್ ಇದೇ. ಗಾಯ ಇರುವವರ ಮನೆಗೆ ನರ್ಸ್ ಬರೋದು ಸಹಜ ತಾನೇ? ಸಾಮಾನು ಕಳಿಸುವ ಮೊದಲು ರೋಗಿಗೆ ಒಂದು ಪ್ರಶ್ನೆ ಕೇಳಬೇಕು, "ಮನೆಗೆ ನರ್ಸ್ ಬರ್ತಿದ್ದಾರಾ?" ಅಂತ. ಜೊತೆಗೆ ಎಲಿಜಿಬಿಲಿಟಿಯನ್ನೂ, ಅಂದರೆ ಮೆಡಿಕೇರ್ ದಾಖಲೆಯಲ್ಲಿ ರೋಗಿಯ ಬಗ್ಗೆ ಏನಿದೆ ಅನ್ನೋದನ್ನೂ, ನೋಡಬೇಕು. ಆರು ವಾರದ ಕೋರ್ಸಿನಲ್ಲಿ ಇದಕ್ಕೆ ಹತ್ತು ನಿಮಿಷ ಇಲ್ಲದೇ ಹೋಯಿತು ಅನ್ನೋದು ನನಗೆ ನಿಜವಾಗಿ ಬೇಸರ ತಂದಿತು.

ಪರೀಕ್ಷೆಯೂ ಇಷ್ಟವಾಗಲಿಲ್ಲ. ಕ್ಲಾಸಿನಲ್ಲಿ ಕಾರಣ ಹೇಳಿ ಕಲಿಸಿ, ಪರೀಕ್ಷೆಯಲ್ಲಿ ಪುಸ್ತಕ ನೋಡದೆ ಕೋಡ್ ನಂಬರ್ ಬರೆಯಿರಿ ಅಂದರೆ ಏನು ಪ್ರಯೋಜನ? ಕೆಲಸದಲ್ಲಿ ಹಿಕ್‌ಪಿಕ್ಸ್, ಅಂದರೆ ಈ ಕೋಡ್‌ಗಳ ಪಟ್ಟಿ, ಪಕ್ಕದಲ್ಲೇ ತೆರೆದಿರುತ್ತೆ. ಚಾರ್ಟ್ ಕೊಟ್ಟು ಕ್ಲೇಮ್ ತಯಾರಿಸಿ ಅನ್ನಬೇಕಿತ್ತು. ಸಿಗುವ ಸರ್ಟಿಫಿಕೇಟ್ ಕೂಡ ಆ ಸಂಸ್ಥೆಯದ್ದೇ, ಕೋಡರ್‌ಗಳ ಮಾನ್ಯತೆಯ ಪರೀಕ್ಷೆ ಸಿಪಿಸಿ ಥರದ್ದಲ್ಲ. ಅದನ್ನು ನಂಬಿ ಹೊಸ ಕೆಲಸ ಹುಡುಕಬೇಡಿ. ಇನ್ನು ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ವಿಮೆ), ಖಾಸಗಿ ಇನ್ಶೂರೆನ್ಸ್ ಇವೆಲ್ಲ ಈ ಕೋರ್ಸಿನಲ್ಲಿ ಇಲ್ಲ, ಅವರ ನಿಯಮಗಳು ಬೇರೆ ಇರುತ್ತವೆ. ಸೇರುವ ಮೊದಲೇ ಇದು ಗೊತ್ತಿರಲಿ.

ಯಾರಿಗೆ ಈ ಕೋರ್ಸ್? ಬಿಲ್ಲಿಂಗ್‌ನಲ್ಲಿ ಒಂದಾರು ತಿಂಗಳಾದರೂ ಕೆಲಸ ಮಾಡಿ, ಕೈಯಲ್ಲಿ ಎರಡು ಮೂರು ಡಿನೈಯಲ್ ಹಿಡಿದುಕೊಂಡು ಯಾಕೆ ಹೀಗಾಯಿತು ಅಂತ ತಲೆ ಕೆಡಿಸಿಕೊಂಡವರಿಗೆ. ಕ್ಲೇಮ್ ಫಾರ್ಮ್ ಸಿಎಂಎಸ್-1500 ಒಮ್ಮೆಯೂ ನೋಡದವರು ಬಂದರೆ ಎರಡನೇ ವಾರಕ್ಕೇ ಸೋತುಹೋಗುತ್ತಾರೆ. ನಮ್ಮ ಬ್ಯಾಚಿನಲ್ಲಿ ಹಾಗೆ ಬಂದ ಇಬ್ಬರು ಮೂರನೇ ವಾರ ಬರಲಿಲ್ಲ. ತಪ್ಪು ಅವರದ್ದಲ್ಲ, ಸೇರಿಸಿಕೊಳ್ಳುವಾಗಲೇ ಸಂಸ್ಥೆಯವರು ಹೇಳಬೇಕಿತ್ತು.

ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಆ ನಾಲ್ಕೂ ಮೇಡಂಗೆ, ವಿಡಿಯೋಗಳಿಗೆ ಅಲ್ಲ. ಕೋರ್ಸ್ ಮುಗಿದ ಮೇಲೆ ನಮ್ಮ ಟೀಮಿನಲ್ಲಿ ಒಂದು ಬದಲಾವಣೆ ಮಾಡಿಕೊಂಡೆವು. ಸಪ್ಲೈಯರ್ ಕಳಿಸುವ ಐಟಂ ಪಟ್ಟಿಯಲ್ಲಿ ಪ್ರತಿ ಬ್ಯಾಂಡೇಜಿನ ಮುಂದೆ "ಒಂದು ರೋಲ್‌ಗೆ ಎಷ್ಟು ಗಜ" ಅಂತ ಒಂದು ಕಾಲಂ, ಪ್ರತಿ ಅಂಟಿನ ಡ್ರೆಸ್ಸಿಂಗ್ ಮುಂದೆ "ಒಳಗಿನ ಪ್ಯಾಡ್ ಎಷ್ಟು" ಅಂತ ಇನ್ನೊಂದು. ಅವರ ಗೋದಾಮಿನ ಒಬ್ಬರು ಕೂತು ಎಲ್ಲವನ್ನೂ ಅಳೆದು ತುಂಬಿಸಿದರು. ಆಮೇಲೆ ಆ ಎರಡು ತಪ್ಪು ನಮ್ಮಲ್ಲಿ ಮತ್ತೆ ಆಗಿಲ್ಲ.

14 ದಿನದ ವಿಷಯ, ಲಿಂಫೆಡೀಮಾ ವಿಷಯ, ಹೋಮ್ ಹೆಲ್ತ್ ವಿಷಯ ಮೂರನ್ನೂ ಸಂಸ್ಥೆಗೆ ಬರೆದು ಕಳಿಸಿದ್ದೇನೆ. ವಿಡಿಯೋ ಮತ್ತೆ ಮಾಡುತ್ತೇವೆ ಅಂತ ಉತ್ತರ ಬಂದಿದೆ. ಅಲ್ಲಿಯವರೆಗೆ ಸೇರುವವರು ಲೈವ್ ಕ್ಲಾಸ್ ಒಂದನ್ನೂ ತಪ್ಪಿಸಬೇಡಿ, ವಿಡಿಯೋದಲ್ಲಿ ದಿನಗಳ ಲೆಕ್ಕ ಬಂದ ಕಡೆಯೆಲ್ಲ ಗುರುತು ಹಾಕಿಟ್ಟುಕೊಂಡು ಮೇಡಂ ಹತ್ತಿರ ಕೇಳಿ. ಮೊದಲ ಶನಿವಾರ ಕೂರುವಾಗ ಪಕ್ಕದಲ್ಲಿ ಒಂದು ಸ್ಕೇಲ್ ಇರಲಿ. ಇಂಚು ಇರುವಂಥದ್ದು.